ಗಾಳಿಯ ಲೆಕ್ಕ, ತಿಥಿಯ ಲೆಕ್ಕ

ಚಂಡಮಾರುತದ ಸುದ್ದಿ ಬಂದಾಗ ನಾವೆಲ್ಲ ಮೊದಲು ಕೇಳುವುದು ಗಾಳಿ ಎಷ್ಟು ಎಂದು. ಗಂಟೆಗೆ ನೂರು ಕಿಲೋಮೀಟರೋ, ನೂರೈವತ್ತೋ, ಇನ್ನೂರೋ? ಟಿವಿಯ ಕೆಳಪಟ್ಟಿಯಲ್ಲಿ ಓಡುವುದು ಆ ಸಂಖ್ಯೆಯೇ, ಅಧಿಕಾರಿಗಳ ಸಭೆಯಲ್ಲಿ ಮೊದಲು ಪ್ರಸ್ತಾಪವಾಗುವುದೂ ಅದೇ. ಅಂದು ತಿಥಿ ಯಾವುದು ಎಂದು ಕೇಳುವವರಿಲ್ಲ. ಕೇಳಿದರೆ ಅದು ಜ್ಯೋತಿಷ್ಯದ ಮಾತು ಎಂದುಕೊಳ್ಳುವವರೇ ಹೆಚ್ಚು. ಆದರೆ ಕಡಲಂಚಿನ ತಗ್ಗುನೆಲದಲ್ಲಿ ಮನೆ ಕಟ್ಟಿಕೊಂಡವರಿಗೆ ಸಾವು ಬದುಕಿನ ಪ್ರಶ್ನೆ ಇದು. ಅವರ ಮನೆಯನ್ನು ಗಾಳಿ ಹಾರಿಸುವುದಕ್ಕಿಂತ ನೀರು ಮುಳುಗಿಸುವುದೇ ಹೆಚ್ಚು. ಆ ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಗಾಳಿಯೊಂದೇ ತೀರ್ಮಾನಿಸುವುದಿಲ್ಲ, ಚಂದ್ರನದೂ ಅದರಲ್ಲಿ ಪಾಲಿದೆ.

2021ರ ಮೇ 26 ಬುದ್ಧ ಪೂರ್ಣಿಮೆ. ಅಂದು ಬೆಳಗ್ಗೆ ಯಾಸ್ ಚಂಡಮಾರುತ ಒಡಿಶಾದ ಬಾಲೇಶ್ವರದ ದಕ್ಷಿಣಕ್ಕೆ ದಡ ಹತ್ತಿತು. ಗಾಳಿಯ ವೇಗ ಗಂಟೆಗೆ 130ರಿಂದ 140 ಕಿಲೋಮೀಟರ್. ಹಿಂದಿನ ವರ್ಷದ ಮೇ 20ರಂದು, ಅಮಾವಾಸ್ಯೆಗೆ ಎರಡು ದಿನ ಮುಂಚೆ, ಸುಂದರಬನದ ಮೇಲೇ ಎರಗಿದ್ದ ಅಂಫಾನ್‌ನ ವೇಗ 155ರಿಂದ 165. ಆ ಲೆಕ್ಕಕ್ಕೆ ಯಾಸ್ ಚಿಕ್ಕದು. ಮೇಲಾಗಿ ಅದು ದಡ ಹತ್ತಿದ್ದು ಪಕ್ಕದ ರಾಜ್ಯದಲ್ಲಿ. ಪಶ್ಚಿಮ ಬಂಗಾಳ ಈ ಸಲ ಅಂಚಿನಲ್ಲಿ ಪಾರಾಯಿತು ಎಂದುಕೊಳ್ಳುವುದು ಸಹಜವಾಗಿತ್ತು. ಆದರೆ ಅಂದಿನ ಚಂದ್ರ ಆ ವರ್ಷದಲ್ಲೇ ಭೂಮಿಗೆ ಅತಿ ಹತ್ತಿರವಿದ್ದ ಹುಣ್ಣಿಮೆಯ ಚಂದ್ರ, ಸಂಜೆಗೆ ಗ್ರಹಣವೂ ಇತ್ತು. ಸೂರ್ಯ, ಭೂಮಿ, ಚಂದ್ರ ಒಂದೇ ಗೆರೆಯಲ್ಲಿ ನಿಂತ ಆ ದಿನ, ಬೆಳಗಿನ ಉಬ್ಬರದ ಹೊತ್ತಿಗೇ ಯಾಸ್ ಬಂತು. ಬಂಗಾಳದ ದಿಘಾದಲ್ಲಿ ಅಲೆಗಳು ದಂಡೆಯ ಗೋಡೆ ಹಾರಿ ಪೇಟೆಗೆ ನುಗ್ಗಿದವು. ಸುಂದರಬನದ ದ್ವೀಪಗಳಲ್ಲಿ ಮಣ್ಣಿನ ಒಡ್ಡುಗಳ ನೆತ್ತಿಯ ಮೇಲೆಯೇ ನೀರು ಹರಿದು, ಒಡ್ಡು ಕುಸಿದು, ಉಪ್ಪುನೀರು ಗದ್ದೆ ಕೆರೆಗಳಿಗೆ ತುಂಬಿತು.

ಸುಂದರಬನದ ಜನ ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಉಬ್ಬರವನ್ನು ‘ಭೊರಾ ಕೋಟಾಲ್’ ಎನ್ನುತ್ತಾರೆ, ಅಷ್ಟಮಿಯ ಆಸುಪಾಸಿನ ಮಂದ ಉಬ್ಬರವನ್ನು ‘ಮೊರಾ ಕೋಟಾಲ್’. ತುಂಬಿದ ಉಬ್ಬರ, ಸತ್ತ ಉಬ್ಬರ. ನಮ್ಮ ಕರಾವಳಿಯಲ್ಲಿ ಏರುವ ನೀರಿಗೆ ‘ಭರತ’ ಎನ್ನುವುದನ್ನು ಕೇಳಿದವರಿಗೆ ಆ ಮಾತು ಅಪರಿಚಿತವೆನಿಸದು. ಯಾಸ್ ಕಳೆದ ಮೇಲೆ ಅಲ್ಲಿ ನಡೆದದ್ದು ತಿಥಿಯ ಜೊತೆಗಿನ ಓಟ. ಒಡೆದ ಒಡ್ಡನ್ನು ಮೊರಾ ಕೋಟಾಲ್‌ನ ದಿನಗಳಲ್ಲಿ ಮುಚ್ಚದಿದ್ದರೆ, ಜೂನ್ 10ರ ಅಮಾವಾಸ್ಯೆಯ ಭೊರಾ ಕೋಟಾಲ್ ಅದೇ ಬಾಯಿಯಿಂದ ಮತ್ತೆ ಒಳಗೆ ಬರುತ್ತದೆ. ಗಾಳಿ ನಿಂತು ಹದಿನೈದು ದಿನವಾದ ಮೇಲೂ ಊರು ಮುಳುಗಬಹುದು.

2009ರ ಐಲಾ ಇದನ್ನೇ ಇನ್ನೂ ಕಟುವಾಗಿ ಹೇಳಿತ್ತು. ಐಲಾದ ಗಾಳಿ ಗಂಟೆಗೆ 110ರಿಂದ 120 ಕಿಲೋಮೀಟರ್ ಅಷ್ಟೆ. ಹವಾಮಾನ ಇಲಾಖೆಯ ಶ್ರೇಣಿಯಲ್ಲಿ ಅದು ‘ತೀವ್ರ ಚಂಡಮಾರುತ’. ಅದರ ಮೇಲೆ ‘ಅತಿ ತೀವ್ರ’, ‘ಅತ್ಯಂತ ತೀವ್ರ’, ‘ಮಹಾ ಚಂಡಮಾರುತ’ ಎಂದು ಇನ್ನೂ ಮೂರು ಮೆಟ್ಟಿಲುಗಳಿವೆ. ಆದರೆ ಅದು ಸಾಗರದ್ವೀಪದ ಬಳಿ ದಡ ಹತ್ತಿದ್ದು ಮೇ 25ರ ಮಧ್ಯಾಹ್ನ, ಅಮಾವಾಸ್ಯೆಯ ಮರುದಿನ. ಭಾರತದ ಸುಂದರಬನದಲ್ಲಿರುವ ಸುಮಾರು 3,500 ಕಿಲೋಮೀಟರ್ ಒಡ್ಡಿನಲ್ಲಿ 778 ಕಿಲೋಮೀಟರ್ ಹಾಳಾಯಿತು. ಉಪ್ಪು ಕುಡಿದ ಗದ್ದೆಗಳು ವರ್ಷಗಟ್ಟಲೆ ಬೆಳೆ ಕೊಡಲಿಲ್ಲ. ದ್ವೀಪಗಳ ಗಂಡಸರು ಕಟ್ಟಡದ ಕೆಲಸ ಹುಡುಕಿಕೊಂಡು ದಕ್ಷಿಣದ ರಾಜ್ಯಗಳಿಗೆ ಹೊರಟರು. ಶ್ರೇಣಿಯ ಕೆಳಮೆಟ್ಟಿಲಿನ ಒಂದು ಚಂಡಮಾರುತ ಒಂದು ಸೀಮೆಯ ಬದುಕನ್ನೇ ಬುಡಮೇಲು ಮಾಡಿತು. ಹಾಗಿದ್ದರೆ ಆ ಶ್ರೇಣಿ ಅಳೆಯುತ್ತಿರುವುದು ಏನನ್ನು?

ಕಡಲಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಉಬ್ಬರದ ಮಟ್ಟಿಗೆ ಚಂದ್ರನ ಸೆಳೆತ ದೊಡ್ಡದು, ಸೂರ್ಯನದು ಅದರ ಅರ್ಧಕ್ಕಿಂತ ಕಡಿಮೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಎರಡೂ ಒಂದೇ ಗೆರೆಯಲ್ಲಿ ಕೆಲಸ ಮಾಡುವುದರಿಂದ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯಲ್ಲಿ ಒಂದು ಇನ್ನೊಂದಕ್ಕೆ ಅಡ್ಡಲಾಗಿ ಎಳೆಯುವುದರಿಂದ ಏರಿಳಿತ ತಗ್ಗುತ್ತದೆ. ಕಡಲಿಗೆ ಆ ಸೆಳೆತಕ್ಕೆ ಪೂರ್ತಿ ಓಗೊಡಲು ಹೊತ್ತು ಬೇಕು, ಹಾಗಾಗಿ ಅತಿ ಎತ್ತರದ ಉಬ್ಬರ ಬಹಳ ಕಡೆ ತಿಥಿ ಕಳೆದು ಒಂದೆರಡು ದಿನಕ್ಕೆ ಬರುತ್ತದೆ. ಉಬ್ಬರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗಿ, ಹದಿನೈದು ದಿನಕ್ಕೆ ಮತ್ತೆ ಅದೇ ಗಂಟೆಗೆ ಮರಳುತ್ತದೆ. ಅದರಿಂದಲೇ ಒಂದು ಬಂದರಿನಲ್ಲಿ ಹುಣ್ಣಿಮೆಯ ದೊಡ್ಡ ಉಬ್ಬರ ಹೆಚ್ಚುಕಡಿಮೆ ಯಾವಾಗಲೂ ಒಂದೇ ಹೊತ್ತಿಗೆ. ದೋಣಿ ನಡೆಸುವವರಿಗೆ ಇದು ಗಡಿಯಾರವಿಲ್ಲದೆಯೂ ಗೊತ್ತು.

ಈ ಭಾಗದಲ್ಲಿ ಅನಿಶ್ಚಿತವಾದದ್ದು ಏನೂ ಇಲ್ಲ. ಭಾರತೀಯ ಸರ್ವೇಕ್ಷಣಾ ಇಲಾಖೆ ನಮ್ಮ ಬಂದರುಗಳ ಉಬ್ಬರವನ್ನು 1877ರಿಂದ ಅಳೆಯುತ್ತಾ ಬಂದಿದೆ. 1879ರಲ್ಲಿ ಎಡ್ವರ್ಡ್ ರಾಬರ್ಟ್ಸ್ ಎಂಬಾತ ಭಾರತದ ಬಂದರುಗಳಿಗೆಂದೇ ಲಂಡನ್ನಿನಲ್ಲಿ ಗಾಲಿ ರಾಟೆಗಳ ಯಂತ್ರವೊಂದನ್ನು ರೂಪಿಸಿದ. ಅದರ ಹಿಡಿ ತಿರುಗಿಸಿದರೆ ಮುಂದಿನ ವರ್ಷದ ಉಬ್ಬರ ಇಳಿತ ಕಾಗದದ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಇಂದು ಆ ಕೆಲಸವನ್ನು ಗಣಕಯಂತ್ರ ಮಾಡುತ್ತದೆ. ಮುಂದಿನ ವರ್ಷ ಯಾವ ದಿನ, ಯಾವ ಗಂಟೆಗೆ ನೀರು ಎಷ್ಟು ಏರುತ್ತದೆ ಎಂಬ ಪುಸ್ತಕ ಈ ವರ್ಷವೇ ಅಚ್ಚಾಗುತ್ತದೆ.

ಲೆಕ್ಕದ ಇನ್ನೊಂದು ಭಾಗ ಬಿರುಗಾಳಿಯದು. ಚಂಡಮಾರುತದ ನಡುವೆ ವಾಯುಭಾರ ಕುಸಿದಿರುತ್ತದೆ. ಒಂದು ಮಿಲಿಬಾರ್ ಕುಸಿದರೆ ಕಡಲು ಸುಮಾರು ಒಂದು ಸೆಂಟಿಮೀಟರ್ ಉಬ್ಬುತ್ತದೆ. ಇದು ಸಣ್ಣ ಪಾಲು. ದೊಡ್ಡ ಪಾಲು ಗಾಳಿ ದಡದ ಕಡೆಗೆ ತಳ್ಳುವ ನೀರಿನದು. ಆಳದ ಕಡಲಿನಲ್ಲಿ ಹೀಗೆ ತಳ್ಳಿದ ನೀರು ಕೆಳಗಿನಿಂದ ಹಿಂದಿರುಗಿಬಿಡುತ್ತದೆ. ಆಳವಿಲ್ಲದ ಕಡೆ ಹಿಂದಿರುಗಲು ಜಾಗವಿಲ್ಲದೆ ರಾಶಿಯಾಗುತ್ತದೆ. ಬಂಗಾಳ ಕೊಲ್ಲಿಯ ಉತ್ತರ ತುದಿ ಆಳವಿಲ್ಲದ್ದು, ಆಲಿಕೆಯಂತೆ ಕಿರಿದಾಗುತ್ತಾ ಹೋಗುವಂಥದ್ದು. ಬಿರುಗಾಳಿ ತಂದು ಪೇರಿಸುವ ಈ ಏರುನೀರು ಕೆಲವು ಗಂಟೆಗಳ ಅತಿಥಿ. ಆ ಕೆಲವು ಗಂಟೆಗಳಲ್ಲಿ ಉಬ್ಬರವೂ ತುದಿ ಮುಟ್ಟಿತೇ, ಅದೂ ಹುಣ್ಣಿಮೆಯ ಉಬ್ಬರವೇ ಎಂಬುದರ ಮೇಲೆ ಊರಿನ ಗತಿ ನಿಂತಿದೆ. ಆಳವಿಲ್ಲದ ನೀರಿನಲ್ಲಿ ಈ ಎರಡೂ ಒಂದರ ನಡೆಯನ್ನು ಇನ್ನೊಂದು ಬದಲಿಸುತ್ತವೆ, ಆದ್ದರಿಂದ ಇದು ಬರಿಯ ಕೂಡುವ ಲೆಕ್ಕವಲ್ಲ. ಆದರೂ ಮುಖ್ಯ ಸಂಗತಿ ಕೂಡುವ ಲೆಕ್ಕದ್ದೇ. ಸುಂದರಬನದಂಥ ಕಡೆ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಾಲ್ಕೈದು ಮೀಟರ್ ಅಂತರವಿರುತ್ತದೆ. ಅದೇ ಬಿರುಗಾಳಿ ಆರು ಗಂಟೆ ಹಿಂದೆ ಮುಂದೆ ಬಂದರೆ, ಮನೆ ಮುಳುಗಿಸಬೇಕಾದ ನೀರು ಒಡ್ಡಿನ ಬುಡ ತೊಳೆದು ಹೋಗಬಹುದು.

ಚರಿತ್ರೆಯನ್ನು ಪಂಚಾಂಗದ ಪಕ್ಕ ಇಟ್ಟು ಓದಿದರೆ ಎದೆ ನಡುಗುತ್ತದೆ. 1970ರ ನವೆಂಬರ್ 12ರ ರಾತ್ರಿ ಅಂದಿನ ಪೂರ್ವ ಪಾಕಿಸ್ತಾನದ ಭೋಲಾದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ನೀರಿನಲ್ಲಿ ಸತ್ತರು ಎಂಬುದು ಅಂದಾಜು. ಅದು ಕಾರ್ತಿಕ ಹುಣ್ಣಿಮೆಯ ಆಸುಪಾಸಿನ ರಾತ್ರಿ. 1991ರ ಏಪ್ರಿಲ್ 29ರ ರಾತ್ರಿ ಚಿತ್ತಗಾಂಗ್ ಕರಾವಳಿಯಲ್ಲಿ ಸುಮಾರು 1,38,000 ಜನ ಸತ್ತರು. ಹುಣ್ಣಿಮೆ ಕಳೆದು ಆಗ ಒಂದು ದಿನವೂ ಆಗಿರಲಿಲ್ಲ. ಎರಡೂ ಸಲ ಏರುನೀರು ಬಂದದ್ದು ಉಬ್ಬರದ ಹೊತ್ತಿಗೆ.

ಇನ್ನು 2007ರ ನವೆಂಬರ್ 15ರ ಸಿದ್ರ್. ಗಾಳಿಯ ಬಲದಲ್ಲಿ ಅದು 1991ರದಕ್ಕೆ ಸಾಟಿಯಾಗಿ ನಿಲ್ಲುವಂಥದ್ದೇ. ಸತ್ತವರು ಸುಮಾರು 3,400. ಭೋಲಾದ ದುರಂತದ ನಂತರ ಬಾಂಗ್ಲಾದೇಶ ಕಟ್ಟಿದ ಸ್ವಯಂಸೇವಕರ ಪಡೆ, ಊರೂರಿನ ಆಶ್ರಯ ಕಟ್ಟಡಗಳು, ಮೈಕು ಹಿಡಿದು ಸೈಕಲ್ಲಿನಲ್ಲಿ ಎಚ್ಚರಿಕೆ ಸಾರಿದವರು, ಇವರೆಲ್ಲ ಲಕ್ಷಾಂತರ ಜೀವ ಉಳಿಸಿದ್ದು ನಿಜ. ಆ ಸಾಧನೆಯನ್ನು ಕಿರಿದು ಮಾಡಲು ಯಾರಿಗೂ ಹಕ್ಕಿಲ್ಲ. ಆದರೆ ಪಂಚಾಂಗ ಹೇಳುವ ಇನ್ನೊಂದು ಮಾತನ್ನೂ ಕೇಳಬೇಕು. ಅಂದು ಅಮಾವಾಸ್ಯೆ ಕಳೆದು ಆರು ದಿನವಾಗಿತ್ತು, ಉಬ್ಬರ ಮಂದವಾಗುತ್ತಿದ್ದ ಕಾಲ. ಅಂದರೆ ಪಾರಾದ ಪ್ರಮಾಣದಲ್ಲಿ ಒಂದು ಪಾಲು ಚಂದ್ರನದು. ಅದನ್ನೂ ನಮ್ಮ ಸಿದ್ಧತೆಯ ಲೆಕ್ಕಕ್ಕೆ ಬರೆದುಕೊಂಡರೆ, ಅದೇ ಗಾಳಿ ಮುಂದೊಂದು ಹುಣ್ಣಿಮೆಗೆ ಬಂದಾಗ ನಮ್ಮ ಆಶ್ರಯ ಕಟ್ಟಡದ ಮೊದಲ ಮಹಡಿ ಸಾಲದೆ ಹೋಗಬಹುದು. ದೊಡ್ಡ ಅಪಾಯ ಇರುವುದು ಇಲ್ಲಿ. ಇಳಿತದ ಹೊತ್ತಿಗೆ ಬಂದು ಹೋದ ಬಿರುಗಾಳಿ ನಮಗೆ ಧೈರ್ಯ ಕಲಿಸಿ ಹೋಗುತ್ತದೆ, ಆ ಧೈರ್ಯ ನಮ್ಮದಲ್ಲ.

ಈ ವಾದಕ್ಕೆ ಒಂದು ಮಿತಿಯಿದೆ, ಅದನ್ನು ಮುಚ್ಚಿಡಬಾರದು. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಯನ್ನು ಕಡಲು ನುಂಗಿದಾಗ ಅಮಾವಾಸ್ಯೆಯೂ ಇರಲಿಲ್ಲ, ಹುಣ್ಣಿಮೆಯೂ ಇರಲಿಲ್ಲ. ಅಷ್ಟಮಿ ನವಮಿಯ ಮಂದ ಉಬ್ಬರ. ಆದರೂ ಸಾವಿರಾರು ಜನ ಸತ್ತರು. 1999ರ ಅಕ್ಟೋಬರ್ 29ರ ಒಡಿಶಾದ ಮಹಾ ಚಂಡಮಾರುತವೂ ಹುಣ್ಣಿಮೆ ಕಳೆದು ಐದು ದಿನಕ್ಕೆ ಬಂದದ್ದು. ಏರುನೀರೇ ಐದಾರು ಮೀಟರ್ ಎದ್ದು ನಿಂತಾಗ, ಅದರಲ್ಲೂ ಉಬ್ಬರ ಇಳಿತದ ಅಂತರವೇ ಒಂದೂವರೆ ಮೀಟರ್ ಮೀರದ ಆಂಧ್ರದಂಥ ಕರಾವಳಿಯಲ್ಲಿ, ತಿಥಿ ಯಾರನ್ನೂ ಕಾಯುವುದಿಲ್ಲ. ಹಾಗಾಗಿ ಅಷ್ಟಮಿಯೆಂದು ನಿಶ್ಚಿಂತೆಯಿಂದ ಮಲಗಿ ಎಂದು ನಾನು ಹೇಳುತ್ತಿಲ್ಲ. ಹೇಳುವುದು ಇಷ್ಟು: ಗಾಳಿ ದೊಡ್ಡದಾದರೆ ತಿಥಿ ಯಾವುದಾದರೂ ಅಪಾಯ, ಗಾಳಿ ಸಾಧಾರಣವಾದರೂ ತಿಥಿ ಕೆಟ್ಟಿದ್ದರೆ ಅಪಾಯ. ಮೊದಲನೆಯದಕ್ಕೆ ನಾವು ಬೆದರುವುದನ್ನು ಕಲಿತಿದ್ದೇವೆ. ಎರಡನೆಯದಕ್ಕೆ ಇನ್ನೂ ಕಲಿತಿಲ್ಲ.

ಕಲಿತವರಿದ್ದಾರೆ. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರದಲ್ಲಿ ಎದ್ದ ಬಿರುಗಾಳಿ ಹುಣ್ಣಿಮೆಯ ದೊಡ್ಡ ಉಬ್ಬರದ ಮೇಲೆ ಏರಿ ಬಂತು. ಹುಣ್ಣಿಮೆ ಬಂದದ್ದು ಒಂದೆರಡು ದಿನ ಮೊದಲು, ಅಂದೂ ಗ್ರಹಣವಿತ್ತು. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ 307 ಜನ ಸತ್ತರು, ನೆದರ್ಲೆಂಡ್ಸಿನಲ್ಲಿ 1,836. ಇಂಗ್ಲೆಂಡಿನಲ್ಲಿ ನೀರು ಉತ್ತರದ ಲಿಂಕನ್‌ಶೈರ್‌ನಿಂದ ದಕ್ಷಿಣದ ಎಸೆಕ್ಸ್‌ಗೆ ಇಳಿಯಲು ಗಂಟೆಗಟ್ಟಲೆ ಹಿಡಿಯಿತು. ಉತ್ತರದ ಊರುಗಳು ಮುಳುಗಿದ್ದು ಗೊತ್ತಾದ ಮೇಲೂ ದಕ್ಷಿಣದವರನ್ನು ಯಾರೂ ಎಬ್ಬಿಸಲಿಲ್ಲ. ನೆದರ್ಲೆಂಡ್ಸಿನಲ್ಲಿ ಹವಾಮಾನ ಸಂಸ್ಥೆ ಎಚ್ಚರಿಕೆ ಕೊಟ್ಟಿತ್ತು. ಆದರೆ ಅದು ಶನಿವಾರದ ರಾತ್ರಿ, ಕಚೇರಿಗಳಿಗೆ ಬಾಗಿಲು, ನಡುರಾತ್ರಿಗೆ ರೇಡಿಯೋ ಕೂಡ ಬಂದ್. ಒಡ್ಡುಗಳು ತಗ್ಗಾಗಿವೆ, ದುರ್ಬಲವಾಗಿವೆ ಎಂದು ಜೊಹಾನ್ ವಾನ್ ವೇನ್ ಎಂಬ ಇಂಜಿನಿಯರ್ ವರ್ಷಗಳಿಂದ ಹೇಳುತ್ತಲೇ ಇದ್ದರು.

ಆಮೇಲೆ ಡಚ್ಚರು ಮಾಡಿದ ಕೆಲಸದಲ್ಲಿ ಜಗತ್ತು ಮೆಚ್ಚುವುದು ಕಟ್ಟುಗಳನ್ನು, ಓಸ್ಟರ್‌ಶೆಲ್ಡೆಯ ಒಂಬತ್ತು ಕಿಲೋಮೀಟರ್ ತಡೆಗೋಡೆಯನ್ನು, ರಾಟರ್‌ಡ್ಯಾಮಿನ ದೈತ್ಯ ಬಾಗಿಲನ್ನು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಕೇಳಿಕೊಂಡ ಪ್ರಶ್ನೆ. ಆ ರಾತ್ರಿ ಹೂಕ್ ವಾನ್ ಹಾಲೆಂಡಿನಲ್ಲಿ ನೀರು 3.85 ಮೀಟರ್ ಏರಿತ್ತು. ಮುಂದಿನ ಒಡ್ಡನ್ನು ಅದಕ್ಕಿಂತ ಒಂದಡಿ ಎತ್ತರಿಸಿ ಕೈತೊಳೆದುಕೊಳ್ಳಬಹುದಿತ್ತು. ದುರಂತದ ನಂತರ ಡಚ್ಚರು ನೇಮಿಸಿದ ಡೆಲ್ಟಾ ಆಯೋಗ ಹಾಗೆ ಮಾಡಲಿಲ್ಲ. ಆದದ್ದು ಆಗಬಹುದಾದದ್ದರಲ್ಲಿ ಅತಿ ಕೆಟ್ಟದ್ದೇ? ಉಬ್ಬರ ಇನ್ನೂ ದೊಡ್ಡದಿದ್ದು, ಗಾಳಿ ಇನ್ನೂ ಹೊತ್ತು ನಿಂತಿದ್ದರೆ? ಹೀಗೆ ಕೇಳಿ, ಲೆಕ್ಕ ಹಾಕಿ, ಅವರು ಕಾಪಾಡಬೇಕಾದ ಮಟ್ಟವನ್ನು 5 ಮೀಟರಿಗೆ ನಿಗದಿ ಮಾಡಿದರು. ಅದು ಹತ್ತು ಸಾವಿರ ವರ್ಷಕ್ಕೊಮ್ಮೆ ಬರಬಹುದಾದ ನೀರು. 2013ರ ಡಿಸೆಂಬರ್ 5ರಂದು, ಅಮಾವಾಸ್ಯೆ ಕಳೆದು ಎರಡು ದಿನಕ್ಕೆ, ಮತ್ತೊಂದು ಬಿರುಗಾಳಿ ಉತ್ತರ ಸಮುದ್ರಕ್ಕೆ ಬಂತು. ಇಂಗ್ಲೆಂಡಿನ ಹಲವು ಕಡೆ ನೀರು 1953ರ ಮಟ್ಟ ಮುಟ್ಟಿತು, ಕೆಲವೆಡೆ ಮೀರಿತು. ಸಾವಿರಾರು ಮನೆಗಳಿಗೆ ನೀರು ಹೊಕ್ಕಿತು. ಆದರೆ ಸಾಮೂಹಿಕ ಸಾವು ಈ ಸಲ ಆಗಲಿಲ್ಲ. ಉಬ್ಬರದ ಗಂಟೆ ನೋಡಿ ಮೊದಲೇ ಮನೆ ಖಾಲಿ ಮಾಡಿಸಿದ್ದರು.

ಅಮೆರಿಕ ಪಾಠ ಕಲಿತದ್ದು ತಡವಾಗಿ. 2012ರ ಅಕ್ಟೋಬರ್ 29, ಹುಣ್ಣಿಮೆಯ ರಾತ್ರಿ, ಸ್ಯಾಂಡಿ ದಡ ಹತ್ತುವ ಹೊತ್ತಿಗೆ ಲಕ್ಷಣದ ಪ್ರಕಾರ ಹರಿಕೇನ್ ಆಗಿಯೂ ಉಳಿದಿರಲಿಲ್ಲ. ಹಾಗಾಗಿ ಉತ್ತರದ ರಾಜ್ಯಗಳಿಗೆ ಹರಿಕೇನ್ ಎಚ್ಚರಿಕೆಯೂ ಹೋಗಿರಲಿಲ್ಲ. ನೀರಿಗೆ ಆ ವ್ಯಾಖ್ಯಾನ ಗೊತ್ತಿರಲಿಲ್ಲ. ರಾತ್ರಿ ಒಂಬತ್ತರ ಉಬ್ಬರದ ಜೊತೆ ಅದು ನ್ಯೂಯಾರ್ಕಿನ ಸುರಂಗ ರೈಲುಮಾರ್ಗಕ್ಕೆ ಇಳಿಯಿತು. ಆಮೇಲೆ ನಿಯಮ ಬದಲಾಯಿತು. 2017ರಿಂದ ಅಲ್ಲಿ ಗಾಳಿಗೆ ಒಂದು ಎಚ್ಚರಿಕೆ, ಏರುನೀರಿಗೆ ಬೇರೆಯದೇ ಎಚ್ಚರಿಕೆ. ಆ ನೀರಿನ ಎಚ್ಚರಿಕೆಯಲ್ಲಿ ಹೇಳುವುದು ನಿಮ್ಮ ನೆಲದ ಮೇಲೆ ಎಷ್ಟು ಅಡಿ ನೀರು ನಿಲ್ಲಬಹುದು ಎಂದು. ಉಬ್ಬರದ ಲೆಕ್ಕ ಆ ಸಂಖ್ಯೆಯೊಳಗೇ ಇದೆ, ಜನ ಕೂಡಬೇಕಾದದ್ದು ಏನೂ ಇಲ್ಲ.

ನಮ್ಮಲ್ಲಿ ವಿಜ್ಞಾನದ ಕೊರತೆಯಿಲ್ಲ. ಭಾರತೀಯ ಹವಾಮಾನ ಇಲಾಖೆ ಇಂದು ಚಂಡಮಾರುತದ ಹಾದಿಯನ್ನು ದಿನಗಳ ಮುಂಚೆ ಹೇಳುತ್ತದೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಏರುನೀರು ಎಲ್ಲಿ ಎಷ್ಟು ಒಳಬರುತ್ತದೆಂದು ಲೆಕ್ಕ ಹಾಕುತ್ತದೆ. ಕೊರತೆ ಇರುವುದು ಕೊನೆಯ ವಾಕ್ಯದಲ್ಲಿ. ನಮ್ಮ ಪ್ರಕಟಣೆಗಳಲ್ಲಿ ‘ಖಗೋಳೀಯ ಉಬ್ಬರದ ಮೇಲೆ ಇಷ್ಟು ಮೀಟರ್’ ಎಂಬ ಮಾತು ಬರುತ್ತದೆ. ವಿಜ್ಞಾನಿಗೆ ಇದು ನಿಖರ. ಊರಿಗೆ ಬರುವಷ್ಟರಲ್ಲಿ ಇದರ ಮೊದಲರ್ಧ ಉದುರಿಹೋಗಿ ‘ಎರಡು ಮೀಟರ್ ಅಲೆ’ ಎಂದು ಉಳಿಯುತ್ತದೆ. ಎರಡು ಮೀಟರ್ ಅಲೆಯನ್ನು ಮಳೆಗಾಲದಲ್ಲಿ ದಿನವೂ ನೋಡುವ ಮೀನುಗಾರ ಅದಕ್ಕೇಕೆ ಮನೆ ಬಿಡುತ್ತಾನೆ? ಅವನಿಗೆ ಬೇಕಾದ ಮಾತು ಬೇರೆ: ‘ನಾಳೆ ಹುಣ್ಣಿಮೆಯ ಭರತ, ಅದರ ಮೇಲೆ ಗಾಳಿನೀರು. ಬೆಳಗ್ಗೆ ಹತ್ತೂವರೆಗೆ ದೇವಸ್ಥಾನದ ಎರಡನೇ ಮೆಟ್ಟಿಲಿನ ತನಕ ನೀರು ಬರಬಹುದು. ಎಂಟರೊಳಗೆ ಶಾಲೆಗೆ ಬನ್ನಿ.’

ಚಂಡಮಾರುತ ದಡ ಹತ್ತುವ ಗಂಟೆಯನ್ನು ಅಷ್ಟು ಖಚಿತವಾಗಿ ಹೇಳಲಾಗದು, ಹಾಗಿರುವಾಗ ಇಂಥ ಎಚ್ಚರಿಕೆ ಹೇಗೆ ಕೊಡುವುದು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಗಂಟೆ ಅನಿಶ್ಚಿತ ಎಂಬ ಕಾರಣಕ್ಕೇ ಉಬ್ಬರವನ್ನು ಲೆಕ್ಕಕ್ಕೆ ತರಬೇಕು. ಅಂದಾಜಿನ ಅವಧಿಯಲ್ಲಿ ಬರುವ ಉಬ್ಬರಗಳಲ್ಲಿ ಅತಿ ಎತ್ತರದ್ದನ್ನು ಹಿಡಿದು, ಬಿರುಗಾಳಿ ಅದರ ತುದಿಗೇ ಬಂದೀತು ಎಂದುಕೊಂಡು ಜನರನ್ನು ಸರಿಸಬೇಕು. ಬರದೆ ಹೋದರೆ ಹಳ್ಳಿಗೆ ಹಳ್ಳಿಯೇ ಒಂದು ರಾತ್ರಿಯ ನಿದ್ದೆ ಕಳೆದುಕೊಳ್ಳುತ್ತದೆ. ಬಂದರೆ ಉಳಿಯುವುದು ಜೀವ. ಮರುದಿನ ‘ಸುಮ್ಮನೆ ಓಡಿಸಿದರು’ ಎಂಬ ಮಾತು ಬರದಂತೆ ನೋಡಿಕೊಳ್ಳುವ ದಾರಿಯೂ ಒಂದಿದೆ. ಗಾಳಿ ಬಂತು, ಆದರೆ ಇಳಿತದ ಹೊತ್ತಿಗೆ ಬಂತು, ಆರು ಗಂಟೆ ತಡವಾಗಿದ್ದರೆ ನೀರು ಇಲ್ಲಿಯವರೆಗೆ ಏರುತ್ತಿತ್ತು ಎಂದು ಊರಿನ ಕಂಬದ ಮೇಲೆ ಗೆರೆ ಹಾಕಿ ತೋರಿಸುವುದು.

ಕಾನೂನಿನಲ್ಲೂ ಇದೇ ಅರೆಲೆಕ್ಕ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಅಂದರೆ ಸಿಆರ್‌ಜೆಡ್, ನೆಲವನ್ನು ಅಳೆಯಲು ಶುರುಮಾಡುವುದು ಉಬ್ಬರದ ಗೆರೆಯಿಂದ. ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಉಬ್ಬರದಲ್ಲಿ ನೀರು ಮುಟ್ಟುವ ಅತಿ ಮೇಲಿನ ಗೆರೆ ಎಂಬುದು ಅದರ ವ್ಯಾಖ್ಯಾನ. ಚಂದ್ರನನ್ನು ಕಾನೂನು ಒಪ್ಪಿಕೊಂಡಿದೆ, ಗಾಳಿಯನ್ನು ಬಿಟ್ಟಿದೆ. ಬಿರುಗಾಳಿಯ ನೀರು, ಅಲೆ, ಕಡಲಮಟ್ಟದ ಏರಿಕೆ ಎಲ್ಲವನ್ನೂ ಸೇರಿಸಿದ ‘ಅಪಾಯದ ಗೆರೆ’ಯನ್ನು 2011ರ ಅಧಿಸೂಚನೆ ತಂದಿತು. 2019ರ ಅಧಿಸೂಚನೆ ಆ ಗೆರೆಯನ್ನು ಕಟ್ಟಡದ ನಿರ್ಬಂಧದಿಂದ ಬಿಡಿಸಿ, ವಿಪತ್ತು ಯೋಜನೆಗೆ ಬಳಸುವ ಸಲಹೆಯ ಮಟ್ಟಕ್ಕೆ ಇಳಿಸಿತು. ಜನದಟ್ಟಣೆಯ ಹಳ್ಳಿಗಾಡಿನ ಕರಾವಳಿಯಲ್ಲಿ ಕಟ್ಟಡ ನಿಷೇಧದ 200 ಮೀಟರ್ ಅಂತರ 50ಕ್ಕೆ ಬಂತು. ನಿಂತ ಗಾಳಿಯ ಹುಣ್ಣಿಮೆಯಂದು ನೀರು ಎಲ್ಲಿಗೆ ಬರುತ್ತದೆಂದು ನೋಡಿ ಮನೆಯ ಪಾಯ ಹಾಕುವುದು, ಬೇಸಿಗೆಯಲ್ಲಿ ಹೊಳೆ ನೋಡಿ ಸೇತುವೆ ಕಟ್ಟಿದಂತೆ.

ಇದು ನಮ್ಮ ಕರಾವಳಿಗೂ ಸೇರಿದ ಮಾತು. ಮಂಗಳೂರು ಕಾರವಾರಗಳ ಉಬ್ಬರ ಇಳಿತ ಸುಂದರಬನದಷ್ಟು ದೊಡ್ಡದಲ್ಲ. ದೊಡ್ಡ ಉಬ್ಬರಕ್ಕೂ ಮಂದ ಉಬ್ಬರಕ್ಕೂ ನೀರಿನ ನೆತ್ತಿಯಲ್ಲಿ ಒಂದು ಅಡಿಯ ಆಜುಬಾಜು ವ್ಯತ್ಯಾಸ. ಒಂದು ಅಡಿ ಯಾವ ಲೆಕ್ಕ ಎನಿಸಬಹುದು. ಐವತ್ತಕ್ಕೆ ಒಂದರಂತೆ ಇಳಿಯುವ ಮರಳ ದಂಡೆಯಲ್ಲಿ ಒಂದು ಅಡಿ ಏರಿದ ನೀರು ಐವತ್ತು ಅಡಿ ಒಳಗೆ ಬರುತ್ತದೆ. ಅಲೆ ಹೊಡೆಯುವ ಜಾಗವೂ ಅಷ್ಟೇ ಒಳಗೆ ಸರಿಯುತ್ತದೆ. ಕಡಲ್ಕೊರೆತಕ್ಕೆ ತೆಂಗಿನ ಮರದ ಬುಡ ಸಿಗುವುದು, ಮೀನುಗಾರಿಕೆ ರಸ್ತೆ ಕುಸಿಯುವುದು ಇಂಥ ಒಂದು ಅಡಿಯಲ್ಲಿ. 2021ರ ತೌಕ್ತೆ ನಮ್ಮ ಕಡಲಿನಲ್ಲಿ ಸಾಗಿ ಉಳ್ಳಾಲದಿಂದ ಉತ್ತರಕ್ಕೆ ದಂಡೆಯನ್ನು ಕೊರೆದದ್ದು ಮೇ 15ರ ಸುಮಾರಿಗೆ, ಅಕ್ಷಯ ತದಿಗೆಯ ಮರುದಿನ. ಅಮಾವಾಸ್ಯೆ ಕಳೆದು ನಾಲ್ಕು ದಿನ, ಉಬ್ಬರ ಇಳಿಮುಖ. ಹನ್ನೊಂದು ದಿನ ಬಿಟ್ಟು, ಯಾಸ್ ಬಂದ ಆ ಬುದ್ಧ ಪೂರ್ಣಿಮೆಗೆ ಬಂದಿದ್ದರೆ? ಈ ಪ್ರಶ್ನೆಯನ್ನು ನಮ್ಮ ಯಾವ ಕಲ್ಲಿನ ತಡೆಗೋಡೆಯ ಅಂದಾಜುಪಟ್ಟಿಯಾದರೂ ಕೇಳಿಕೊಂಡಿದೆಯೇ?

ನಮ್ಮಲ್ಲಿ ಇನ್ನೊಂದು ಕೂಡಿಕೆಯೂ ಇದೆ. ಶರಾವತಿ, ಅಘನಾಶಿನಿ, ನೇತ್ರಾವತಿ ಎಲ್ಲವೂ ಘಟ್ಟದಿಂದ ಇಳಿದು ಸ್ವಲ್ಪ ದೂರದಲ್ಲೇ ಕಡಲು ಸೇರುವ ಹೊಳೆಗಳು. ಆಷಾಢದ ಮಳೆಗೆ ಹೊಳೆ ತುಂಬಿ ಬರುವಾಗ ಅಳಿವೆಯಲ್ಲಿ ಅಮಾವಾಸ್ಯೆಯ ಉಬ್ಬರ ಎದೆಯೊಡ್ಡಿ ನಿಂತರೆ, ಹೊಳೆಯ ನೀರಿಗೆ ಹೊರಹೋಗಲು ದಾರಿಯಿಲ್ಲ. ನೆರೆ ಹಿಂದಕ್ಕೆ ಸರಿದು ತೋಟಗಳಿಗೆ ಏರುತ್ತದೆ. ಮಳೆಯ ಪ್ರಮಾಣ ನೋಡಿ ಕೊಡುವ ನೆರೆಯ ಎಚ್ಚರಿಕೆಗೂ ಈ ತಿಥಿ ಬೇಕು.

ಕೆಲವು ವರ್ಷಗಳ ಹಿಂದೆ ಬೈಂದೂರು ಕಡೆಯ ಒಂದು ಮೀನುಗಾರರ ಕೇರಿಯಲ್ಲಿ ಆಷಾಢದ ಒಂದು ಸಂಜೆ ಕಳೆದೆ. ಮಳೆ ಬಿಟ್ಟಿತ್ತು, ಗಾಳಿಯೂ ಅಷ್ಟಿರಲಿಲ್ಲ. ಆದರೂ ಮನೆಯ ಹಿರಿಯ ಹೆಂಗಸು ಅಕ್ಕಿಯ ಡಬ್ಬಿಗಳನ್ನು, ಮೊಮ್ಮಕ್ಕಳ ಪುಸ್ತಕದ ಚೀಲಗಳನ್ನು, ಪಡಿತರ ಚೀಟಿ ಇಟ್ಟ ತಗಡಿನ ಪೆಟ್ಟಿಗೆಯನ್ನು ಒಂದೊಂದಾಗಿ ಅಟ್ಟಕ್ಕೆ ಏರಿಸುತ್ತಿದ್ದರು. ಏನಮ್ಮಾ, ಗಾಳಿ ಜೋರಾಗುತ್ತದೆ ಎಂದು ಹೇಳಿದ್ದಾರಾ ಎಂದು ಕೇಳಿದೆ. ಅವರು ಕೈಯ ಕೆಲಸ ನಿಲ್ಲಿಸದೆ, ‘ಗಾಳಿ ಬಂದ್ರೂ ಅಡ್ಡಿಲ್ಲೆ ಮಾರಾಯ್ರೆ, ಅಮಾಸಿ ಭರ್ತ ಒಂದ್ ಕಳದ್ರೆ ಸಾಕ್’ ಎಂದರು. ಹಿಂಬಾಗಿಲ ಪಕ್ಕದ ಗೋಡೆಯಲ್ಲಿ, ನನ್ನ ಮೊಣಕಾಲಿನ ಎತ್ತರಕ್ಕೆ, ಸುಣ್ಣ ಕಿತ್ತು ಉಪ್ಪು ಹೂವಿಟ್ಟ ಒಂದು ಗೆರೆ ಇತ್ತು. ಅದು ಹಿಂದೊಂದು ಅಮಾವಾಸ್ಯೆಯ ನೀರು ನಿಂತ ಗುರುತು. ಅವರು ಸಾಮಾನು ಏರಿಸುತ್ತಿದ್ದದ್ದು ಆ ಗೆರೆಗಿಂತ ಒಂದಾಳು ಮೇಲೆ. ಬಂದದ್ದನ್ನಷ್ಟೇ ನಂಬದೆ ಬರಬಹುದಾದದ್ದನ್ನು ಲೆಕ್ಕ ಹಾಕುವುದು ಅಂದರೆ ಇದೇ. ಡಚ್ಚರ ಆಯೋಗ ಮಾಡಿದ ಕೆಲಸವನ್ನು ಈ ತಾಯಿ ಒಂದು ಅಟ್ಟದ ಅಳತೆಯಲ್ಲಿ ಮಾಡಿದ್ದರು.

ಕುಮಟಾದ ಕಡೆಯ ಗಜನಿ ಭೂಮಿಯ ರೈತರೂ ಇದೇ ಲೆಕ್ಕದಲ್ಲಿ ಬಾಳಿದವರು. ಅಘನಾಶಿನಿಯ ಉಪ್ಪುನೀರಿಗೆ ಮಣ್ಣಿನ ಕಟ್ಟೆ ಕಟ್ಟಿ, ಮರದ ಹಲಗೆಯ ತೂಬು ಇಟ್ಟು, ಉಬ್ಬರಕ್ಕೆ ಮುಚ್ಚಿ ಇಳಿತಕ್ಕೆ ತೆರೆದು, ಉಪ್ಪು ತಡೆಯುವ ಕಗ್ಗ ಭತ್ತ ಬೆಳೆದವರು. ಕಡಲಿನ ಜೊತೆ ತಿಥಿ ನೋಡಿ ವ್ಯವಹರಿಸುವ ಈ ತಿಳಿವು ನಮ್ಮ ಕರಾವಳಿಯಲ್ಲಿ ಇನ್ನೂ ಜೀವಂತವಿದೆ. ಅಲ್ಲಿನ ಜನಕ್ಕೆ ಉಬ್ಬರದ ಪಾಠ ಯಾರೂ ಹೇಳಬೇಕಿಲ್ಲ. ಆದರೆ ದೂರದ ಕಡಲಿನಲ್ಲಿ ಏಳುವ ಗಾಳಿಯನ್ನು ಆ ಅಮ್ಮ ತನ್ನ ಅಂಗಳದಿಂದ ಕಾಣಲಾರರು. ಅದನ್ನು ಕಾಣುವ ಉಪಗ್ರಹ ಸರ್ಕಾರದ ಬಳಿ ಇದೆ. ಅರ್ಧ ಲೆಕ್ಕ ಅವರಲ್ಲಿದೆ, ಇನ್ನರ್ಧ ಇಲಾಖೆಯಲ್ಲಿ. ಕೂಡಿಸುವ ಕೆಲಸ ಇಲಾಖೆಯದು.

ಇದು ಮುಂದೂಡುವ ಕೆಲಸವಲ್ಲ. 1901ರಿಂದ 2018ರ ನಡುವೆ ಜಗತ್ತಿನ ಕಡಲಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ, ಏರುವ ವೇಗವೂ ಹೆಚ್ಚುತ್ತಿದೆ. ಅಂದರೆ ಪ್ರತಿಯೊಂದು ಉಬ್ಬರವೂ ಈಗ ಒಂದು ಮೆಟ್ಟಿಲು ಮೇಲಿನಿಂದಲೇ ಏರಲು ಶುರುಮಾಡುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ದೊಡ್ಡ ಬಿರುಗಾಳಿಗೆ ಮಾತ್ರ ಸಾಧ್ಯವಾಗಿದ್ದ ನೀರಿನ ಮಟ್ಟಕ್ಕೆ ಮುಂದೆ ಸಣ್ಣ ಗಾಳಿ ಮತ್ತು ಒಂದು ಹುಣ್ಣಿಮೆ ಸಾಕಾಗುತ್ತದೆ.

ಮುಂದಿನ ವರ್ಷದ ಉಬ್ಬರದ ಪುಸ್ತಕ ಈಗಲೇ ಸಿದ್ಧ. ಮೇ ತಿಂಗಳಿನಿಂದ ಡಿಸೆಂಬರಿನವರೆಗೆ ನೀರು ಅತಿ ಎತ್ತರಕ್ಕೆ ಏರುವ ದಿನಗಳು, ಅವುಗಳ ಗಂಟೆಗಳು ಅದರಲ್ಲಿವೆ. ಮಂಗಳೂರು, ಉಡುಪಿ, ಕಾರವಾರದ ಜಿಲ್ಲಾಡಳಿತಗಳು ಮಳೆಗಾಲಕ್ಕೆ ಮುಂಚೆ ಒಂದು ದಿನ ಕೂತು, ಆ ದಿನಗಳನ್ನು ಗುರುತು ಹಾಕಿಕೊಂಡು, ಪ್ರತಿ ಕಡಲೂರಿನ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಬಹುದು. ಊರಿನ ಶಾಲೆಯ, ದೇವಸ್ಥಾನದ, ಮಸೀದಿಯ ಮೆಟ್ಟಿಲಿನ ಮೇಲೆ ಮಟ್ಟದ ಗುರುತು ಬರೆಸಬಹುದು. ಗಾಳಿಯ ಸುದ್ದಿ ಬಂದ ದಿನ ಮಾಡಬೇಕಾದದ್ದು ಆಗ ಇಷ್ಟೇ ಉಳಿಯುತ್ತದೆ: ಗೋಡೆಯ ಆ ಹಾಳೆಯನ್ನು ನೋಡಿ, ನೀರು ಯಾವ ಮೆಟ್ಟಿಲಿಗೆ, ಎಷ್ಟು ಹೊತ್ತಿಗೆ ಎಂದು ಊರಿಗೆ ಹೇಳುವುದು.